ಸಾಕು ನಾಯಿ-ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ: ಏಕೆ? ಯಾವಾಗ? ಹೇಗೆ?

ಒಕ್ಕಲುತನ ಮಾಡುವ ಮನೆಯಲ್ಲಿ ದನ, ಎಮ್ಮೆ, ಕುರಿ, ಕೋಳಿಗಳಿಗೆ ಲೆಕ್ಕವಿರುತ್ತದೆ. ನಾಯಿ-ಬೆಕ್ಕುಗಳಿಗೆ ಲೆಕ್ಕವಿರುವುದಿಲ್ಲ. ಆದರೆ ಕಣದಲ್ಲಿ ರಾಶಿ ಬಿದ್ದಾಗ ರಾತ್ರಿ ಕಾಯುವುದು ನಾಯಿ. ಗೋವಿನಜೋಳದ ಹೊಲಕ್ಕೆ ಕಾಡುಹಂದಿ ನುಗ್ಗಿದಾಗ ಮೊದಲು ಬೊಗಳುವುದೂ ಅದೇ. ಕಾಳು ತುಂಬಿದ ಚೀಲಗಳನ್ನು ಇಲಿ-ಹೆಗ್ಗಣಗಳಿಂದ ಉಳಿಸುವುದು ಬೆಕ್ಕು. ಇಷ್ಟು ಉಪಕಾರಿಯಾದ ಈ ಪ್ರಾಣಿಗಳು ಮಿತಿ ಮೀರಿ ಹೆಚ್ಚಿದರೆ ಅದೇ ಊರಿಗೆ ತೊಂದರೆಯಾಗುತ್ತವೆ. ಮಕ್ಕಳಿಗೆ ಕಚ್ಚುವುದು, ಕುರಿ ಹಟ್ಟಿಗೆ ನುಗ್ಗಿ ಮರಿಗಳನ್ನು ಹರಿದು ಹಾಕುವುದು, ರಸ್ತೆಯಲ್ಲಿ ಬೈಕಿಗೆ ಅಡ್ಡ ಬರುವುದು, ಎಲ್ಲಕ್ಕಿಂತ ಮಿಗಿಲಾಗಿ ಹುಚ್ಚುನಾಯಿ ರೋಗ ಹರಡುವುದು ಇವೆಲ್ಲ ನಮಗೆ ತಿಳಿದ ಸಂಗತಿಗಳೇ.

2019ರ 20ನೇ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 1.53 ಕೋಟಿ ಬೀದಿ ನಾಯಿಗಳಿದ್ದವು. ಅವುಗಳಲ್ಲಿ ಸುಮಾರು 11.4 ಲಕ್ಷ ಕರ್ನಾಟಕದಲ್ಲಿದ್ದವು. ಈ ನಾಯಿಗಳು ಎಲ್ಲಿಂದಲೋ ಬಂದವಲ್ಲ. ಇವುಗಳಲ್ಲಿ ಬಹುಪಾಲು ಯಾರದೋ ಮನೆಯ ಹೆಣ್ಣು ನಾಯಿ ಹಾಕಿದ ಮರಿಗಳು, ಇಲ್ಲವೆ ಅಂಥ ಮರಿಗಳ ಸಂತಾನ. ಗಂಡು ಮರಿಯನ್ನು ಕೇಳಿ ಒಯ್ಯುವವರು ಸಿಗುತ್ತಾರೆ. ಹೆಣ್ಣು ಮರಿಯನ್ನು ಒಯ್ಯುವವರಿಲ್ಲ. ಆದ್ದರಿಂದ ಅವುಗಳನ್ನು ಚೀಲದಲ್ಲಿ ಹಾಕಿ ಊರ ಹೊರಗೆ, ಸಂತೆ ಮೈದಾನದಲ್ಲಿ, ಗುಡಿಯ ಹಿಂದೆ ಅಥವಾ ಹೆದ್ದಾರಿಯ ಪಕ್ಕದ ಧಾಬಾಗಳ ಬಳಿ ಬಿಟ್ಟು ಬರುವ ರೂಢಿ ಹಲವು ಕಡೆ ಇದೆ. ಬಿಟ್ಟವರ ಕಣ್ಣಿನಿಂದ ಅವು ಮರೆಯಾಗುತ್ತವೆ, ಊರುಗಳಿಂದ ಮರೆಯಾಗುವುದಿಲ್ಲ. ಬದುಕಿದ ಹೆಣ್ಣು ಮರಿ ಒಂದು ವರ್ಷದೊಳಗೆ ತಾನೂ ಮರಿ ಹಾಕುತ್ತದೆ.

ಇದಕ್ಕೆ ಸರಳವೂ ಶಾಶ್ವತವೂ ಆದ ಉಪಾಯವೆಂದರೆ ಸಾಕಿದ ನಾಯಿ-ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು. ಹೋರಿಗೆ ಬೀಜ ಒಡೆಸಿ ಎತ್ತು ಮಾಡುವುದು ನಮ್ಮ ರೈತರಿಗೆ ಹೊಸದಲ್ಲ. ಮುಂಗಾರಿಗೆ ಮೊದಲು ಪಶು ಆಸ್ಪತ್ರೆಗೆ ಹೋರಿ ಹೊಡೆದುಕೊಂಡು ಹೋಗಿ ಈ ಕೆಲಸ ಮಾಡಿಸಿಕೊಂಡು ಬರುವವರು, ಅದೇ ಆಸ್ಪತ್ರೆಗೆ ನಾಯಿಯನ್ನು ಒಯ್ಯುವುದಕ್ಕೆ ಏಕೆ ಹಿಂಜರಿಯಬೇಕು? ಈ ಲೇಖನದಲ್ಲಿ ಆ ಬಗ್ಗೆ ತಿಳಿಯಬೇಕಾದ ಮುಖ್ಯ ವಿಷಯಗಳನ್ನು ಹೇಳಲಾಗಿದೆ.

ನಾಯಿ-ಬೆಕ್ಕುಗಳ ಸಂತಾನ ಕ್ರಮ

ಹೆಣ್ಣು ನಾಯಿ 6ರಿಂದ 12 ತಿಂಗಳ ವಯಸ್ಸಿನಲ್ಲಿ ಮೊದಲ ಬಾರಿ ಬೆದೆಗೆ ಬರುತ್ತದೆ. ದೊಡ್ಡ ತಳಿಗಳಲ್ಲಿ ಇನ್ನೂ ಕೆಲವು ತಿಂಗಳು ತಡವಾಗಬಹುದು. ಬೆದೆಯ ಅವಧಿ ಸುಮಾರು ಮೂರು ವಾರ. ಗಬ್ಬದ ಅವಧಿ ಸುಮಾರು 63 ದಿನ. ಒಂದು ಸಲಕ್ಕೆ ಸಾಮಾನ್ಯವಾಗಿ 4ರಿಂದ 8 ಮರಿಗಳು. ಮನೆಯಲ್ಲಿ ಚೆನ್ನಾಗಿ ತಿಂದುಂಡ ನಾಯಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರಬಹುದು. ಊರ ನಾಯಿಗಳು ಹೆಚ್ಚಾಗಿ ವರ್ಷಕ್ಕೊಮ್ಮೆ, ಮಳೆಗಾಲದ ಕೊನೆಯ ಭಾಗದಲ್ಲಿ ಕೂಡುತ್ತವೆ. ಭಾದ್ರಪದ ಮಾಸದಲ್ಲಿ ನಾಯಿಗಳ ಹಿಂಡು ಓಣಿ ಓಣಿ ಸುತ್ತುವುದನ್ನು ಹಿರಿಯರು ಗುರುತಿಸಿ ಹೇಳಿದ್ದು ಇದನ್ನೇ. ಅಲ್ಲಿಂದ ಎರಡು ತಿಂಗಳಿಗೆ, ಅಂದರೆ ಗೋವಿನಜೋಳ ಕಟಾವಾಗಿ ಕಣದಲ್ಲಿ ಬಣಿವೆ ಏಳುವ ಹೊತ್ತಿಗೆ, ಆ ಬಣಿವೆಗಳ ಬುಡದಲ್ಲೇ ಮರಿಗಳು ಹುಟ್ಟುತ್ತವೆ.

ಬೆಕ್ಕಿನ ರೀತಿ ಬೇರೆ. ತೊಗರಿಯಂಥ ಬೆಳೆ ಹಗಲು ಕಡಿಮೆಯಾದಾಗ ಹೂ ಬಿಡುವಂತೆ, ಬೆಕ್ಕು ಹಗಲು ಉದ್ದವಾದಾಗ ಬೆದೆಗೆ ಬರುವ ಪ್ರಾಣಿ. ನಮ್ಮ ನಾಡಿನಲ್ಲಿ ಹಗಲಿನ ಉದ್ದದಲ್ಲಿ ಹೆಚ್ಚಿನ ಏರುಪೇರು ಇಲ್ಲದ್ದರಿಂದ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಅದು ಬೆದೆಗೆ ಬರಬಲ್ಲದು. ಗಬ್ಬ ಕಟ್ಟದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಬೆದೆ ಬರುತ್ತದೆ. ಇನ್ನೊಂದು ವಿಶೇಷವೆಂದರೆ ಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗುವುದು ಗಂಡಿನೊಡನೆ ಕೂಡಿದ ಮೇಲೆ. ಆದ್ದರಿಂದ ಗಬ್ಬ ತಪ್ಪುವುದು ಕಡಿಮೆ. ನಾಲ್ಕೈದು ತಿಂಗಳ ಮರಿಬೆಕ್ಕು ಕೂಡ ಗಬ್ಬವಾಗಬಹುದು. ಮರಿಗಳು ಮೊಲೆ ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬ ಕಟ್ಟುವುದುಂಟು. ಹೀಗಾಗಿ ವರ್ಷಕ್ಕೆ ಎರಡು ಮೂರು ಸೂಲು ಸಾಮಾನ್ಯ.

ಒಂದು ಊರಿನ ಲೆಕ್ಕ

ಒಂದು ಜೋಡಿ ನಾಯಿಯಿಂದ ಆರು ವರ್ಷದಲ್ಲಿ ಸಾವಿರಾರು ನಾಯಿಗಳಾಗುತ್ತವೆ ಎಂದು ಕೆಲವರು ಬರೆಯುವುದುಂಟು. ಇದು ಕಾಗದದ ಮೇಲಿನ ಲೆಕ್ಕ. ಹುಟ್ಟಿದ ಮರಿಗಳೆಲ್ಲ ಬದುಕುವುದಿಲ್ಲ. ಪಶ್ಚಿಮ ಬಂಗಾಳದಲ್ಲಿ ಬೀದಿ ನಾಯಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೂರು ಮರಿಗಳ ಪೈಕಿ ಸುಮಾರು 19 ಮಾತ್ರ ಪ್ರಾಯಕ್ಕೆ ಬಂದವು. ಉಳಿದವು ವಾಹನಕ್ಕೆ ಸಿಕ್ಕು, ರೋಗದಿಂದ, ಹಸಿವಿನಿಂದ ಮತ್ತು ಮನುಷ್ಯರ ಕೈಯಿಂದ ಸತ್ತವು. ಅಂದರೆ ಇಂದು ಊರಿನಲ್ಲಿ ನಾಯಿಗಳ ಸಂಖ್ಯೆಯನ್ನು ಹಿಡಿದಿಟ್ಟಿರುವುದು ಮರಿಗಳ ಸಾವು. ಹುಟ್ಟನ್ನು ತಡೆದರೆ ಈ ಸಾವು ನೋಡುವ ಅವಶ್ಯಕತೆ ಇರುವುದಿಲ್ಲ.

ಈಗ ಒಂದು ಊರನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಊರಿನಲ್ಲಿ 120 ನಾಯಿಗಳಿವೆ, ಅವುಗಳಲ್ಲಿ 60 ಹೆಣ್ಣು ಎಂದಿಟ್ಟುಕೊಳ್ಳಿ. ಒಂದೊಂದು ವರ್ಷಕ್ಕೆ 5 ಮರಿ ಹಾಕಿದರೆ 300 ಮರಿಗಳು. ನೂರಕ್ಕೆ 19ರಂತೆ ಬದುಕಿ ಉಳಿಯುವುದು 57. ದೊಡ್ಡ ನಾಯಿಗಳಲ್ಲಿ ವರ್ಷಕ್ಕೆ ಮೂರರಲ್ಲಿ ಒಂದು, ಅಂದರೆ 40 ಸಾಯುತ್ತವೆ ಎಂದು ಹಿಡಿಯೋಣ. ವರ್ಷದ ಕೊನೆಗೆ 17 ನಾಯಿಗಳು ಹೆಚ್ಚು.

ಅರ್ಧದಷ್ಟು, ಅಂದರೆ 30 ಹೆಣ್ಣು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಹುಟ್ಟುವ ಮರಿಗಳು 150. ಉಳಿಯುವುದು 28 ಅಥವಾ 29. ಇದು 40ಕ್ಕಿಂತ ಕಡಿಮೆ, ಆದ್ದರಿಂದ ಸಂಖ್ಯೆ ಇಳಿಯಬೇಕು. ಆದರೆ ಇಲ್ಲೊಂದು ತೊಡಕಿದೆ. ಮರಿಗಳು ಕಡಿಮೆಯಾದಾಗ ಉಳಿದವುಗಳಿಗೆ ಕೂಳು ಹೆಚ್ಚು ಸಿಗುತ್ತದೆ. ಸಾಲು ವಿರಳ ಮಾಡಿದ ಬೆಳೆಯಲ್ಲಿ ಉಳಿದ ಗಿಡಗಳು ದಪ್ಪಗೆ ಬೆಳೆಯುವಂತೆ ಬದುಕುವ ಮರಿಗಳ ಪ್ರಮಾಣ ಏರುತ್ತದೆ. ನೂರಕ್ಕೆ 30 ಬದುಕಿದರೂ ಸಾಕು, 45 ಮರಿಗಳು ಉಳಿದು ಸಂಖ್ಯೆ ಮತ್ತೆ ಹೆಚ್ಚುತ್ತದೆ. ನೂರಕ್ಕೆ 70ರಷ್ಟು, ಅಂದರೆ 42 ಹೆಣ್ಣುಗಳಿಗೆ ಮಾಡಿದರೆ 90 ಮರಿಗಳು ಹುಟ್ಟಿ, ನೂರಕ್ಕೆ 30 ಬದುಕಿದರೂ 27 ಮಾತ್ರ ಉಳಿಯುತ್ತವೆ. ಆಗ ಸಂಖ್ಯೆ ಖಚಿತವಾಗಿ ಇಳಿಯುತ್ತದೆ.

ಈ ಲೆಕ್ಕದಿಂದ ಎರಡು ಪಾಠಗಳನ್ನು ಕಲಿಯಬಹುದು. ಒಂದು, ಊರಿನ ಹತ್ತು ಹೆಣ್ಣು ನಾಯಿಗಳಲ್ಲಿ ಕನಿಷ್ಠ ಏಳಕ್ಕೆ ಶಸ್ತ್ರಚಿಕಿತ್ಸೆ ಆಗಬೇಕು. ಅದೂ ಒಂದೇ ಹಂಗಾಮಿನಲ್ಲಿ ಆಗಬೇಕು. ಬದುವಿನ ಮೇಲಿನ ಕಳೆ ಬಿಟ್ಟು ಹೊಲದ ಕಳೆ ಮಾತ್ರ ಕಿತ್ತರೆ ಏನಾಗುತ್ತದೆಂದು ರೈತರಿಗೆ ಹೇಳಬೇಕಾಗಿಲ್ಲ. ಎರಡು, ಊರಿನಲ್ಲಿ ಬಯಲಿಗೆ ಬೀಳುವ ಕೂಳು, ಕೋಳಿ ಅಂಗಡಿಯ ತ್ಯಾಜ್ಯ, ಸತ್ತ ಕೋಳಿ ಮತ್ತು ಸತ್ತ ದನಗಳನ್ನು ಹೂಳುವ ವ್ಯವಸ್ಥೆಯೂ ಜೊತೆಗೆ ನಡೆಯಬೇಕು.

ಗಂಡಿಗೆ ಮಾತ್ರ ಮಾಡಿಸಿದರೆ ಸಾಲದು

ಗಂಡು ನಾಯಿಯ ಶಸ್ತ್ರಚಿಕಿತ್ಸೆ ಸುಲಭ, ಖರ್ಚೂ ಕಡಿಮೆ. ಆದ್ದರಿಂದ ಗಂಡಿಗೆ ಮಾತ್ರ ಮಾಡಿಸಿ ಸುಮ್ಮನಾಗುವವರಿದ್ದಾರೆ. ಇದರಿಂದ ಆ ನಾಯಿಗೆ ಲಾಭವಿದೆ, ಊರಿನ ಲೆಕ್ಕದಲ್ಲಿ ಫಲ ಕಡಿಮೆ. ನಮ್ಮ ಭಾಗದಲ್ಲಿ ಬೀಜೋತ್ಪಾದನೆ ಮಾಡುವ ರೈತರಿಗೆ ಇದರ ಕಾರಣ ಬೇಗ ತಿಳಿಯುತ್ತದೆ. ಗೋವಿನಜೋಳದ ಸಂಕರಣ ಬೀಜದ ತಾಕಿನಲ್ಲಿ ಹೆಣ್ಣು ಸಾಲಿನ ಸೂಲಂಗಿಗಳನ್ನೆಲ್ಲ ಕಿತ್ತು, ಅಲ್ಲೊಂದು ಇಲ್ಲೊಂದು ಬಿಟ್ಟರೆ ಅದರ ಪರಾಗವೇ ಸುತ್ತಲಿನ ತೆನೆಗಳನ್ನು ಕೆಡಿಸುತ್ತದೆ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹತ್ತಿ ಬಂದ ಮೇಲೆ, ಸಂಜೆ ಮೊಗ್ಗಿನ ಕೇಸರ ಬಿಡಿಸಿ ಮರುದಿನ ಮುಂಜಾನೆ ಪರಾಗ ಮುಟ್ಟಿಸುವ ಕೆಲಸವನ್ನು ನಮ್ಮ ಹೆಣ್ಣುಮಕ್ಕಳು ಲಕ್ಷಗಟ್ಟಲೆ ಹೂಗಳಲ್ಲಿ ಮಾಡಿದ್ದಾರೆ. ಬಿಟ್ಟುಹೋದ ಒಂದು ಹೂ ಎಂಥ ನಷ್ಟ ಮಾಡುತ್ತದೆಂದು ಅವರಿಗೆ ಗೊತ್ತು. ನಾಯಿಗಳಲ್ಲಿಯೂ ಹೀಗೆಯೇ. 60 ಗಂಡುಗಳಲ್ಲಿ 55ಕ್ಕೆ ಮಾಡಿಸಿದರೂ ಉಳಿದ ಐದು ಊರಿನ ಹೆಣ್ಣುಗಳಿಗೆಲ್ಲ ಸಾಕು. ಅದೇ ಒಂದು ಹೆಣ್ಣಿಗೆ ಮಾಡಿಸಿದರೆ ಅದರ ಮರಿಗಳು ನಿಶ್ಚಿತವಾಗಿ ನಿಲ್ಲುತ್ತವೆ. ಆದ್ದರಿಂದ ಮೊದಲು ಹೆಣ್ಣು, ಅನಂತರ ಗಂಡು.

ಕೊಲ್ಲುವುದರಿಂದ, ಬಿಟ್ಟು ಬರುವುದರಿಂದ ಏಕೆ ಫಲವಿಲ್ಲ?

ವಿಷ ಹಾಕಿ ನಾಯಿ ಕೊಲ್ಲುವುದು ಅಪರಾಧ. ಅಲ್ಲದೆ ಅದರಿಂದ ದನ-ಕರು, ನವಿಲು, ಹದ್ದುಗಳೂ ಸಾಯುತ್ತವೆ. ಕೊಂದ ಜಾಗದಲ್ಲಿ ಕೂಳು ಹಾಗೇ ಇರುವುದರಿಂದ ಪಕ್ಕದ ಊರಿನ ನಾಯಿಗಳು ಬಂದು ಸೇರುತ್ತವೆ. ಅವು ಲಸಿಕೆ ಇಲ್ಲದ ಹೊಸ ನಾಯಿಗಳು.

ಶಸ್ತ್ರಚಿಕಿತ್ಸೆಯ ಫಲ ಮಾತ್ರ ಅಂಕಿ-ಅಂಶಗಳಲ್ಲಿ ಕಾಣುತ್ತದೆ. ಜೈಪುರದಲ್ಲಿ 1994ರಿಂದ ಒಂದು ಸಂಸ್ಥೆ ಬೀದಿ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ನೀಡುತ್ತ ಬಂದಿತು. ಹೆಣ್ಣು ನಾಯಿಗಳಲ್ಲಿ ನೂರಕ್ಕೆ 65ರಷ್ಟಕ್ಕೆ ಈ ಚಿಕಿತ್ಸೆ ಆದ ಮೇಲೆ, ಎಂಟು ವರ್ಷಗಳ ಅವಧಿಯಲ್ಲಿ ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು. ಆ ಪ್ರದೇಶದಲ್ಲಿ ಹುಚ್ಚುನಾಯಿ ರೋಗದಿಂದ ಮನುಷ್ಯರು ಸಾಯುವುದೂ ನಿಂತಿತು. ಬೆಂಗಳೂರು ಮಹಾನಗರ ಪಾಲಿಕೆಯ ಸಮೀಕ್ಷೆಗಳಂತೆ ನಗರದಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಬೀದಿ ನಾಯಿಗಳಿದ್ದವು. 2023ರಲ್ಲಿ ಅವು ಸುಮಾರು 2.79 ಲಕ್ಷಕ್ಕೆ ಇಳಿದವು. ಇದೇ ಅವಧಿಯಲ್ಲಿ ಶಸ್ತ್ರಚಿಕಿತ್ಸೆಯಾದ ನಾಯಿಗಳ ಪ್ರಮಾಣ ನೂರಕ್ಕೆ 51ರಿಂದ 71ರ ಮೇಲಕ್ಕೆ ಏರಿತ್ತು. ಇಳಿತ ನಿಧಾನವಾದದ್ದು ನಿಜ. ಆದರೆ ದೊಡ್ಡ ನಗರದಲ್ಲಿ ಸಾಧ್ಯವಾದದ್ದು 300 ಮನೆಗಳ ಹಳ್ಳಿಯಲ್ಲಿ ಇನ್ನೂ ಸುಲಭ. ಹಳ್ಳಿಯಲ್ಲಿ ಯಾವ ನಾಯಿ ಯಾರ ಮನೆ ಮುಂದೆ ಮಲಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ನಮ್ಮ ಶಿಗ್ಗಾಂವಿ ತಾಲೂಕಿನ ಬಂಕಾಪುರ ಕೋಟೆಯಲ್ಲಿ ಖಿಲಾರಿ ದನಗಳ ಸಂವರ್ಧನಾ ಕೇಂದ್ರವಿದೆ. ಅಲ್ಲಿಯೇ 2006ರಿಂದ ನವಿಲುಧಾಮವೂ ಇದೆ. ನವಿಲು ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು. ಅಲ್ಲಿ ಕೃಷ್ಣಮೃಗದ ಮರಿಗಳು ಹುಲ್ಲಿನಲ್ಲಿ ಅಡಗಿ ಬೆಳೆಯುತ್ತವೆ. ಇಂಥ ಸ್ಥಳಗಳ ಸುತ್ತಲಿನ ಊರುಗಳಲ್ಲಿ ತಿರುಗುವ ನಾಯಿ-ಬೆಕ್ಕುಗಳು ಮೊಟ್ಟೆ-ಮರಿಗಳಿಗೆ ಅಪಾಯಕಾರಿ ಎಂಬುದನ್ನು ಆ ಭಾಗದ ರೈತರು ವಿಶೇಷವಾಗಿ ನೆನಪಿಡಬೇಕು.

ಶಸ್ತ್ರಚಿಕಿತ್ಸೆ ಎಂದರೇನು?

ಹೆಣ್ಣಿನಲ್ಲಿ ಹೊಟ್ಟೆಯನ್ನು ಸಣ್ಣದಾಗಿ ಕೊಯ್ದು, ಎರಡೂ ಅಂಡಾಶಯಗಳನ್ನೂ ಗರ್ಭಕೋಶವನ್ನೂ ಕಟ್ಟಿ ತೆಗೆದು ಹೊಲಿಗೆ ಹಾಕುತ್ತಾರೆ. ಗಂಡಿನಲ್ಲಿ ಎರಡೂ ಬೀಜಗಳನ್ನು ತೆಗೆಯುತ್ತಾರೆ. ಎರಡನ್ನೂ ಪೂರ್ಣ ಅರಿವಳಿಕೆ ಕೊಟ್ಟು ಪಶುವೈದ್ಯರೇ ಮಾಡಬೇಕು. ಹೋರಿಗೆ ಬಳಸುವ ಬರ್ಡಿಜೊ ಇಕ್ಕಳವನ್ನು ನಾಯಿಗೆ ಹಾಕಬಾರದು. ದಾರ ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು ಕ್ರೌರ್ಯ. ಅದರಿಂದ ಕೀವಾಗಿ, ಹುಳು ಬಿದ್ದು ಪ್ರಾಣಿ ಸಾಯುತ್ತದೆ. ಬೆದೆ ಬರದಂತೆ ತಡೆಯುವ ಹಾರ್ಮೋನು ಇಂಜೆಕ್ಷನ್ನುಗಳನ್ನು ಮತ್ತೆ ಮತ್ತೆ ಕೊಡಿಸುವುದೂ ಒಳ್ಳೆಯದಲ್ಲ. ಅದರಿಂದ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವಿದೆ.

ವಯಸ್ಸು: ನಾಯಿಗಳಿಗೆ ಸಾಮಾನ್ಯವಾಗಿ 6 ತಿಂಗಳ ನಂತರ, ಸಾಧ್ಯವಾದರೆ ಮೊದಲ ಬೆದೆಗೆ ಮುಂಚೆ. ಬೆಕ್ಕುಗಳಿಗೆ ನಾಲ್ಕೈದು ತಿಂಗಳಿಗೇ ವಿಚಾರಿಸಬೇಕು. ಮುಧೋಳ ಮುಂತಾದ ಎತ್ತರದ ತಳಿಗಳಲ್ಲಿ ಎಲುಬಿನ ಬೆಳವಣಿಗೆ ಮುಗಿಯಲೆಂದು ವೈದ್ಯರು ಒಂದು ವರ್ಷದವರೆಗೆ ಕಾಯಲು ಹೇಳಬಹುದು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಬೇಟೆ ನಾಯಿಗಳಲ್ಲಿ ಕೆಲವು ಅರಿವಳಿಕೆ ಔಷಧಿಗಳ ಅಮಲು ನಿಧಾನವಾಗಿ ಇಳಿಯುವುದರಿಂದ ತಳಿಯ ಹೆಸರನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಕಾಲ: ಹಾನಗಲ್ಲು, ಹಿರೇಕೆರೂರು ಕಡೆ ಮಳೆಗಾಲದಲ್ಲಿ ಓಣಿ ಅಂಗಳಗಳೆಲ್ಲ ಕೆಸರು. ಗಾಯ ಒಣಗುವುದು ತಡ, ನೊಣದ ಕಾಟವೂ ಹೆಚ್ಚು. ಆದ್ದರಿಂದ ಹೋಳಿ ಹುಣ್ಣಿಮೆಯಿಂದ ಕಾರಹುಣ್ಣಿಮೆಯ ಒಳಗಿನ ಒಣ ಕಾಲ ಅನುಕೂಲ. ಆಗ ರೈತರಿಗೂ ಬಿಡುವಿರುತ್ತದೆ. ಭಾದ್ರಪದದ ಬೆದೆ ಇನ್ನೂ ದೂರವಿರುತ್ತದೆ. ಬೆದೆಯಲ್ಲಿರುವ ನಾಯಿಯ ಗರ್ಭಕೋಶದಲ್ಲಿ ರಕ್ತ ಹೆಚ್ಚು ತುಂಬಿರುವುದರಿಂದ ತುರ್ತಿಲ್ಲದಿದ್ದರೆ ಆ ಸಮಯ ಬೇಡ. ಮರಿ ಹಾಕಿದ ನಾಯಿಗೆ ಮರಿಗಳು ಮೊಲೆ ಬಿಟ್ಟ ಮೇಲೆ, ಅಂದರೆ ಸುಮಾರು ಎರಡು ತಿಂಗಳ ನಂತರ ಮಾಡಿಸಬೇಕು.

ಶಸ್ತ್ರಚಿಕಿತ್ಸೆಗೆ ಮುಂಚೆ

1. ಎರಡು ಮೂರು ವಾರ ಮೊದಲು ಜಂತಿನ ಔಷಧಿ ಹಾಗೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಬೇಕು.
2. ಉಣ್ಣೆ ಹತ್ತಿ ರಕ್ತಹೀನವಾದ, ಜ್ವರವಿರುವ, ಮೇವು ಬಿಟ್ಟ ಪ್ರಾಣಿಯನ್ನು ಮೊದಲು ವೈದ್ಯರಿಗೆ ತೋರಿಸಿ ಗುಣಪಡಿಸಬೇಕು.
3. ದೊಡ್ಡ ನಾಯಿಗೆ ಹಿಂದಿನ ರಾತ್ರಿ ಊಟದ ನಂತರ ಏನೂ ತಿನ್ನಿಸಬಾರದು. ನೀರನ್ನು ಎಷ್ಟು ಹೊತ್ತಿನವರೆಗೆ ಕೊಡಬಹುದೆಂದು ವೈದ್ಯರನ್ನು ಕೇಳಬೇಕು. ಸಣ್ಣ ಮರಿಗಳನ್ನು ಇಷ್ಟು ಹೊತ್ತು ಉಪವಾಸ ಕೆಡವಬಾರದು.
4. ನಾಯಿಯನ್ನು ಹಗ್ಗ ಕಟ್ಟಿ, ಬಾಯಿಗೆ ಬಟ್ಟೆ ಸುತ್ತಿ ಒಯ್ಯಬೇಕು. ಬೆಕ್ಕನ್ನು ಗಾಳಿಯಾಡುವ ಬುಟ್ಟಿಯಲ್ಲಿ ಮುಚ್ಚಿ ಒಯ್ಯಬೇಕು.
5. ಹಿಂದೆ ಮರಿ ಹಾಕಿದೆಯೇ, ಈಗ ಗಬ್ಬದ ಸಂಶಯವಿದೆಯೇ, ಯಾರಿಗಾದರೂ ಕಚ್ಚಿದೆಯೇ ಎಂಬುದನ್ನು ಮರೆಮಾಚದೆ ಹೇಳಬೇಕು.

ಶಸ್ತ್ರಚಿಕಿತ್ಸೆಯ ನಂತರ

1. ಪೂರ್ಣ ಎಚ್ಚರವಾಗುವವರೆಗೆ ಬೆಚ್ಚಗಿನ, ಗದ್ದಲವಿಲ್ಲದ ಜಾಗದಲ್ಲಿ ಮಲಗಿಸಿ. ಬಾಯಿಗೆ ನೀರು, ಹಾಲು ಹುಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು.
2. ಎದ್ದು ಓಡಾಡಿದ ಮೇಲೆ ಸ್ವಲ್ಪ ನುಚ್ಚು, ಗಂಜಿಯಂಥ ಹಗುರ ಊಟ ಕೊಡಿ.
3. ಹತ್ತು ದಿನ ಕಟ್ಟಿ ಹಾಕಿ. ಸ್ನಾನ ಬೇಡ, ಕೆಸರು ಬೇಡ. ಗಾಯ ನೆಕ್ಕದಂತೆ ಕೊರಳಿಗೆ ತೆಳುವಾದ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ ಹಾಕಬಹುದು.
4. ಹೊಲಿಗೆ ಬಿಚ್ಚುವುದಿದ್ದರೆ ವೈದ್ಯರು ಹೇಳಿದ ದಿನ, ಸಾಮಾನ್ಯವಾಗಿ ಹತ್ತನೆಯ ದಿನ, ತಪ್ಪದೆ ಒಯ್ಯಿರಿ.
5. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಒಂದೇ ಪ್ಯಾರಾಸಿಟಮಾಲ್ ಮಾತ್ರೆಯಿಂದ ಬೆಕ್ಕು ಸಾಯಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ನಾಯಿಗೂ ಅಪಾಯಕಾರಿ.
6. ರಕ್ತ ನಿಲ್ಲದಿದ್ದರೆ, ಹೊಲಿಗೆ ಬಿಚ್ಚಿಕೊಂಡರೆ, ಗಾಯ ನಾರಿದರೆ, ಎರಡನೆಯ ದಿನವೂ ಊಟ ಮುಟ್ಟದಿದ್ದರೆ ಕೂಡಲೆ ಆಸ್ಪತ್ರೆಗೆ ಒಯ್ಯಿರಿ.
7. ಗಂಡು ನಾಯಿಯಲ್ಲಿ ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರ ಸಂತಾನಶಕ್ತಿ ಉಳಿದಿರಬಹುದು. ಒಂದೂವರೆ ತಿಂಗಳು ಬೆದೆಯ ಹೆಣ್ಣಿನಿಂದ ದೂರವಿಡಿ.

ಪ್ರಾಣಿಗೆ ಆಗುವ ಲಾಭಗಳು

ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರುವುದು ಸಾಮಾನ್ಯ. ಸ್ವೀಡನ್ ದೇಶದ ಅಧ್ಯಯನಗಳಲ್ಲಿ ಹತ್ತು ವರ್ಷ ತುಂಬುವುದರೊಳಗೆ ನಾಲ್ಕೈದರಲ್ಲಿ ಒಂದು ನಾಯಿಗೆ ಇದು ಬಂದದ್ದು ಕಂಡಿದೆ. ತಕ್ಷಣ ಚಿಕಿತ್ಸೆ ಸಿಗದಿದ್ದರೆ ನಾಯಿ ಸಾಯಬಹುದು. ಗರ್ಭಕೋಶವನ್ನೇ ತೆಗೆದ ನಾಯಿಗೆ ಈ ಭಯವಿಲ್ಲ. ಕೆಚ್ಚಲಿನ ಗಡ್ಡೆಯ ಅಪಾಯವೂ ತಗ್ಗುತ್ತದೆ. 1969ರ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆ ಆಗದ ನಾಯಿಗೆ ಇರುವ ಅಪಾಯವನ್ನು 100 ಎಂದಿಟ್ಟುಕೊಂಡರೆ ಮೊದಲ ಬೆದೆಗೆ ಮುಂಚೆ ಮಾಡಿಸಿದ ನಾಯಿಗೆ ಅದು 0.5, ಒಂದು ಬೆದೆಯ ನಂತರ 8, ಎರಡು ಬೆದೆಗಳ ನಂತರ 26. ಪ್ರಮಾಣದ ಬಗ್ಗೆ ಈಚೆಗೆ ತಜ್ಞರಲ್ಲಿ ಚರ್ಚೆ ಇದ್ದರೂ ಬೇಗ ಮಾಡಿಸುವುದು ಲೇಸೆಂಬ ಅಭಿಪ್ರಾಯವೇ ಸಾಮಾನ್ಯವಾಗಿದೆ. ಬೀದಿ ನಾಯಿಗಳ ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸುರಿಸುವ ಗಡ್ಡೆಯನ್ನು ಹಲವರು ನೋಡಿರಬಹುದು. ಅದು ಕೂಡುವಾಗ ಒಂದರಿಂದ ಒಂದಕ್ಕೆ ಹರಡುವ ರೋಗ. ಕೂಡುವುದು ನಿಂತರೆ ಹರಡುವುದೂ ಕಡಿಮೆಯಾಗುತ್ತದೆ.

ಹಾನಿ ಇಲ್ಲವೆಂದಲ್ಲ. ಅರಿವಳಿಕೆಯಲ್ಲಿ ಸ್ವಲ್ಪ ಅಪಾಯ ಯಾವಾಗಲೂ ಇದೆ. ಶಸ್ತ್ರಚಿಕಿತ್ಸೆಯ ನಂತರ ಮೈ ಬರುವ ಪ್ರವೃತ್ತಿ ಹೆಚ್ಚುತ್ತದೆ. ಊಟವನ್ನು ನಾಲ್ಕರಲ್ಲಿ ಒಂದು ಪಾಲಿನವರೆಗೆ ಕಡಿಮೆ ಮಾಡಿದರೆ ಇದನ್ನು ತಡೆಯಬಹುದು. ಕೆಲವು ಹೆಣ್ಣು ನಾಯಿಗಳಲ್ಲಿ ಮುಪ್ಪಿನಲ್ಲಿ ಮೂತ್ರ ತೊಟ್ಟಿಕ್ಕಬಹುದು. ಇದಕ್ಕೆ ಔಷಧಿ ಇದೆ.

ಕೆಲವು ತಪ್ಪು ತಿಳುವಳಿಕೆಗಳು

"ನಾಯಿ ಮೆತ್ತಗಾಗುತ್ತದೆ, ಕಾಯುವುದಿಲ್ಲ." ಮನೆ-ಹೊಲ ಕಾಯುವ ಗುಣ ಬೀಜದಿಂದ ಬರುವುದಲ್ಲ, ಸಾಕಿದವರ ಮೇಲಿನ ವಿಶ್ವಾಸ ಮತ್ತು ರೂಢಿಯಿಂದ ಬರುವುದು. ಬೆದೆಯ ಹೆಣ್ಣನ್ನು ಹುಡುಕಿ ಅಲೆಯುವುದು ನಿಂತ ನಾಯಿ ರಾತ್ರಿ ಕಣದಲ್ಲೇ ಇರುತ್ತದೆ. ಬೀಜ ಒಡೆದ ಎತ್ತು ನೇಗಿಲು ಎಳೆಯುವುದನ್ನು ಬಿಟ್ಟಿದೆಯೇ?

"ಬೆಕ್ಕು ಇಲಿ ಹಿಡಿಯುವುದಿಲ್ಲ." ಬೇಟೆ ಬೆಕ್ಕಿನ ಹುಟ್ಟುಗುಣ. ಶಸ್ತ್ರಚಿಕಿತ್ಸೆಯಾದ ಬೆಕ್ಕು ಊರು ಸುತ್ತುವುದು ಕಡಿಮೆಯಾಗಿ ಮನೆಯ ಹತ್ತಿರವೇ ಬೇಟೆಯಾಡುತ್ತದೆ. ಗಂಡು ಬೆಕ್ಕು ಮೂಲೆ ಮೂಲೆಗೆ ಮೂತ್ರ ಸಿಂಪಡಿಸುವುದೂ ಬಹುಮಟ್ಟಿಗೆ ನಿಲ್ಲುತ್ತದೆ.

"ಒಂದು ಸೂಲಾದರೂ ಆಗಲೇಬೇಕು." ಮರಿ ಹಾಕುವುದರಿಂದ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ.

"ಸಂತಾನ ತಪ್ಪಿಸುವುದು ಪಾಪ." ಇದು ಮನಸ್ಸಿನ ಪ್ರಶ್ನೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಕಣ್ಣು ತೆರೆಯದ ಮರಿಗಳನ್ನು ಚೀಲದಲ್ಲಿ ಕಟ್ಟಿ ಊರ ಹೊರಗೆ ಬಿಡುವುದನ್ನೂ ತಾಯಿನಾಯಿ ಮೂರು ದಿನ ಅಗಸಿಯಲ್ಲಿ ಅಳುವುದನ್ನೂ ಇದರ ಪಕ್ಕದಲ್ಲಿಟ್ಟು ಯೋಚಿಸಬೇಕು. ಹತ್ತು ಮರಿ ಹುಟ್ಟಿ ಎಂಟು ಸಾಯುವುದಕ್ಕಿಂತ, ಇರುವ ಒಂದು ನಾಯಿ ಹೊಟ್ಟೆ ತುಂಬ ಉಂಡು ಬಾಳುವುದು ದಯೆಯಲ್ಲವೇ?

ಲಸಿಕೆ ಜೊತೆಗಿರಲಿ

ಶಸ್ತ್ರಚಿಕಿತ್ಸೆ ಸಂಖ್ಯೆಯನ್ನು ತಡೆಯುತ್ತದೆ, ರೋಗವನ್ನು ತಡೆಯುವುದು ಲಸಿಕೆ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ಪ್ರಾಣಿಯಾಗಲಿ ಬದುಕುವುದಿಲ್ಲವೆಂದೇ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2022-23ರ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಜನ ಈ ರೋಗದಿಂದ ಸಾಯುತ್ತಾರೆ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಪ್ರತಿ ವರ್ಷ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. ಮರಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ಮರುಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಬೆಕ್ಕಿಗೂ ಇದೇ ಕ್ರಮ. ಜುಲೈ 6 ಮತ್ತು ಸೆಪ್ಟೆಂಬರ್ 28ರ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಲಸಿಕಾ ಶಿಬಿರಗಳು ನಡೆಯುವುದುಂಟು, ವಿಚಾರಿಸಿಕೊಳ್ಳಿ.

ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಅರಿಶಿಣ, ಎಣ್ಣೆ ಹಚ್ಚಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಅನಂತರ 3, 7 ಮತ್ತು 28ನೆಯ ದಿನ ಹಾಕುತ್ತಾರೆ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ನಾಯಿ ನಮ್ಮದೇ ಮನೆಯದು, ಮರಿ ಚಿಕ್ಕದು ಎಂದು ಉದಾಸೀನ ಮಾಡಬಾರದು. ದನಕ್ಕೆ ಕಚ್ಚಿದ್ದರೂ ಹೀಗೆಯೇ ತೊಳೆದು, ಕೂಡಲೆ ಪಶುವೈದ್ಯರಲ್ಲಿ ಒಯ್ದು ಲಸಿಕೆ ಹಾಕಿಸಬೇಕು.

ಕಾನೂನು ಮತ್ತು ಊರಿನ ಹೊಣೆ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2023ರ ಮಾರ್ಚ್ ತಿಂಗಳಲ್ಲಿ ಹೊಸ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬಂದವು. ಇವುಗಳಂತೆ ಸಾಕಿದ ಪ್ರಾಣಿಯ ಲಸಿಕೆ, ಜಂತಿನ ಔಷಧಿ ಮತ್ತು ಸಂತಾನಹರಣದ ಹೊಣೆ ಸಾಕಿದವರದು. ಬೀದಿ ನಾಯಿಗಳ ಹೊಣೆ ಸ್ಥಳೀಯ ಸಂಸ್ಥೆಗಳದು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಹುಚ್ಚು ಹಿಡಿದ ಅಥವಾ ಮೈಮೇಲೆ ಬೀಳುವ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವುಗಳಿಗೆ ಶಸ್ತ್ರಚಿಕಿತ್ಸೆ ಹಾಗೂ ಲಸಿಕೆ ನೀಡಿ ಹಿಡಿದ ಜಾಗದಲ್ಲೇ ಬಿಡಬೇಕೆಂದು ಆದೇಶಿಸಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಸ್ಥಳಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದೆಂದು ಹೇಳಿತು. ಆದೇಶಗಳು ಕಾಲಕಾಲಕ್ಕೆ ಬದಲಾಗುವುದರಿಂದ ಪಂಚಾಯತಿಯವರು ಪಶುಪಾಲನಾ ಇಲಾಖೆಯಲ್ಲಿ ವಿಚಾರಿಸಿ ಮುಂದುವರಿಯುವುದು ಕ್ಷೇಮ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಸೂಚನೆ. ನಾಯಿಗಳ ವಿಷಯವನ್ನು ಊರಿಗೆ ಹೋಗಿ ಬರೀ ಭಾಷಣದಲ್ಲಿ ಹೇಳಿದರೆ ನಗೆಯಾಗುತ್ತದೆ. ಮೊದಲು ಓಣಿವಾರು ಪಟ್ಟಿ ಮಾಡಿ: ಮನೆ, ಹೆಣ್ಣು, ಗಂಡು, ಮರಿಗಳು, ಲಸಿಕೆಯಾದ ದಿನ. ಶಾಲೆಯ ಮಕ್ಕಳು ಈ ಪಟ್ಟಿಯನ್ನು ಎರಡು ದಿನಗಳಲ್ಲಿ ಮುಗಿಸುತ್ತಾರೆ. ಅನಂತರ ಹೆಣ್ಣುಗಳ ಪಟ್ಟಿ ಹಿಡಿದು ತಾಲೂಕು ಪಶು ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಅಲ್ಲಿ ಅನುಕೂಲವಿಲ್ಲದಿದ್ದರೆ ಜಿಲ್ಲಾ ಕೇಂದ್ರದಲ್ಲಿ ಕೇಳಬೇಕು. ಹಿರೇಕೆರೂರು ಕಡೆಯವರು ಶಿವಮೊಗ್ಗದ, ಸವಣೂರು ಕಡೆಯವರು ಗದಗಿನ ಪಶುವೈದ್ಯಕೀಯ ಕಾಲೇಜುಗಳಲ್ಲಿಯೂ ವಿಚಾರಿಸಬಹುದು. ಹತ್ತು ಮನೆಯವರು ಕೂಡಿ ಒಂದು ಟೆಂಪೋ ಮಾಡಿದರೆ ಹೋಗಿ ಬರುವ ಖರ್ಚು ಹಗುರವಾಗುತ್ತದೆ.

ಸಾರಾಂಶ

ಹೆಣ್ಣು ನಾಯಿ-ಬೆಕ್ಕುಗಳಿಗೆ ಮೊದಲ ಬೆದೆಗೆ ಮುಂಚೆ, ಒಣ ಕಾಲದಲ್ಲಿ, ಪಶುವೈದ್ಯರಿಂದಲೇ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಹತ್ತರಲ್ಲಿ ಏಳಕ್ಕೆ ಒಂದೇ ಹಂಗಾಮಿನಲ್ಲಿ ಆಗಬೇಕು. ವರ್ಷಕ್ಕೊಮ್ಮೆ ಲಸಿಕೆ ತಪ್ಪಿಸಬಾರದು. ಕೂಳು-ತ್ಯಾಜ್ಯ ಬಯಲಿಗೆ ಎಸೆಯಬಾರದು. ತಳಿಗಾಗಿ ಮರಿ ಮಾಡಿಸುವವರು ಒಯ್ಯುವವರನ್ನು ಮೊದಲೇ ಗೊತ್ತು ಮಾಡಿಕೊಂಡು, ಬೆದೆಯ ಕಾಲದಲ್ಲಿ ಹೆಣ್ಣನ್ನು ಕಟ್ಟಿ ಕಾಯಬೇಕು.

ಈ ಸಲ ಭಾದ್ರಪದ ಬರುವ ಮೊದಲು ನಿಮ್ಮ ಓಣಿಯ ಹೆಣ್ಣು ನಾಯಿಗಳನ್ನು ಎಣಿಸಿ ನೋಡಿರಿ. ಹತ್ತಕ್ಕಿಂತ ಹೆಚ್ಚಿರಲಾರವು. ಅಷ್ಟಕ್ಕೆ ಒಂದು ದಿನದ ತಿರುಗಾಟ ಸಾಕು. ಮುಂದಿನ ಸುಗ್ಗಿಯಲ್ಲಿ ಬಣಿವೆಯ ಬುಡದಲ್ಲಿ ಬೇಡವಾದ ಮರಿಗಳು ಇರುವುದಿಲ್ಲ, ಅವುಗಳನ್ನು ಎಲ್ಲಿ ಬಿಡುವುದೆಂಬ ಚಿಂತೆಯೂ ಇರುವುದಿಲ್ಲ.